ಒಂದು ಪುಸ್ತಕ, ಹತ್ತು ಮಾತು

(ಕುಪ್ಪೇಲೂರಿನಲ್ಲಿ ಕೂಡಿದ ಓದುಗರ ಮುಂದೆ ಮಾಡಿದ ಭಾಷಣ)



ಈ ಸಂಜೆ ಇಲ್ಲಿ ಎದ್ದ ಗದ್ದಲವನ್ನು ದಾರಿಹೋಕರು ಯಾರಾದರೂ ಕೇಳಿದ್ದರೆ, ಹೊಲದ ಬದುವಿನ ತಂಟೆಯೋ ಪಂಚಾಯತಿ ಚುನಾವಣೆಯ ತಂಟೆಯೋ ಎಂದು ತಿಳಿಯುತ್ತಿದ್ದರು. ಜಗಳ ನಡೆದದ್ದು ಕಾದಂಬರಿಗಳ ಮೇಲೆ. ಮಳೆಗಾಲದ ಮೊದಲು ನಾವು ನಾಲ್ಕು ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಕಾರಂತರ ‘ಚೋಮನ ದುಡಿ’, ನಿರಂಜನರ ‘ಚಿರಸ್ಮರಣೆ’, ಅನಂತಮೂರ್ತಿಯವರ ‘ಸಂಸ್ಕಾರ’, ರಾವಬಹಾದ್ದೂರರ ‘ಗ್ರಾಮಾಯಣ’. ಇವತ್ತು ಅವು ತಿರುಗಿ ಬಂದಿವೆ. ಒಂದರ ಮೇಲೆ ಅರಿಷಿಣದ ಬೆರಳಿನ ಗುರುತು ಇದೆ. ಒಂದರ ಹಾಳೆಗಳ ನಡುವೆ ಅರಳೆಯ ಎಳೆ ಸಿಕ್ಕಿತು. ಇನ್ನೊಂದರಲ್ಲಿ ಯಾರೋ ಅಂಗಡಿಯ ಉದ್ರಿ ಚೀಟಿಯನ್ನೇ ಗುರುತಿಗೆ ಇಟ್ಟು ಮರೆತಿದ್ದಾರೆ. ಪುಸ್ತಕಗಳು ಕಪಾಟಿನಲ್ಲಿ ಕೂಡಲಿಲ್ಲ, ಮನೆಗಳಲ್ಲಿ ತಿರುಗಾಡಿದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಾತು ಏರಿ, ಒಬ್ಬರ ಮುಖ ಒಬ್ಬರು ನೋಡದ ಹಂತಕ್ಕೆ ಬಂದಾಗ ಕಿರಾಣಿ ಅಂಗಡಿಯ ಅಣ್ಣನವರು ಎದ್ದು, “ಮಾಸ್ತರ್ರ, ಇನ್ನ ನೀವ ಹೇಳ್ರಿ. ಯಾರದು ಖರೇ, ಯಾರದು ಸುಳ್ಳ?” ಎಂದು ಕೇಳಿದರು. ನಾವು ಹತ್ತನೆಯ ಇಯತ್ತೆ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು. ಮಕ್ಕಳ ಪಾಟಿಯ ಮೇಲೆ ಸರಿ ತಪ್ಪಿನ ಗುರುತು ಹಾಕುವುದು ಆಗ ನಮ್ಮ ಕೆಲಸವಾಗಿತ್ತು. ಇಂದು ಆ ಕೆಲಸ ಮಾಡುವುದಿಲ್ಲ. ಏಕೆ ಮಾಡುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತೇವೆ. ಅದರಲ್ಲಿ ನಮ್ಮದೇ ಒಂದು ತಪ್ಪಿನ ಒಪ್ಪಿಗೆಯೂ ಇದೆ.

ಮೊದಲು ಒಂದು ಮಾತು. ಕಾದಂಬರಿ ಎಂದರೆ ಬೆಂಗಳೂರು, ಮೈಸೂರಿನ ಕಲಿತವರ ಸೊತ್ತು, ನಮ್ಮಂಥವರಿಗೆ ಅದರ ಗೊಡವೆ ಯಾಕೆ ಎಂದು ಕೇಳುವವರು ಇದ್ದಾರೆ. ಅವರಿಗೆ ನಮ್ಮ ಸೀಮೆಯ ಚರಿತ್ರೆ ಗೊತ್ತಿಲ್ಲ. ವರದೆಯೂ ತುಂಗಭದ್ರೆಯೂ ಕೂಡುವ ಗಳಗನಾಥ ನಮ್ಮ ಹಾವೇರಿ ಸೀಮೆಯ ಊರು. ಅಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರೇ ಊರ ಹೆಸರನ್ನು ತಮ್ಮ ಹೆಸರಾಗಿ ಹೊತ್ತ ಗಳಗನಾಥರು. ಅವರೂ ಕನ್ನಡ ಶಾಲೆಯ ಮಾಸ್ತರರೇ. ಈ ಭಾಗದ ಓದುಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕಗಳೇ ಇದ್ದ ಕಾಲದಲ್ಲಿ ಅವರು ಕನ್ನಡದಲ್ಲಿ ಕಾದಂಬರಿಗಳನ್ನು ಬರೆದರು. ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ಯನ್ನು ಹೊರಡಿಸಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಸಂತೆಗೆ ಗಂಟು ಹೊತ್ತು ಹೋಗುವ ವ್ಯಾಪಾರಿಗೂ ಚೀಲ ಹೊರುವ ಹಮಾಲನಿಗೂ ಆ ಭಾರದ ಅರ್ಥ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1942ರಲ್ಲಿ ಅವರು ತೀರಿಕೊಂಡರು. ಹೆಗಲ ಮೇಲೆ ಬಂದ ಪುಸ್ತಕವನ್ನು ನಾವು ಹೆದರಿ ದೂರ ಇಡುವುದು ಅವರಿಗೆ ಮಾಡುವ ಅಪಮಾನ.

ಇನ್ನು ಜಗಳಕ್ಕೆ ಬರೋಣ.

‘ಚೋಮನ ದುಡಿ’ ಬಂದದ್ದು 1933ರಲ್ಲಿ. ತೊಂಬತ್ತು ವರ್ಷ ದಾಟಿತು. ಕಥೆ ನಿಮಗೆ ಗೊತ್ತು. ಅಸ್ಪೃಶ್ಯನಾಗಿ ಹುಟ್ಟಿದ ಚೋಮನಿಗೆ ಒಂದೇ ಆಸೆ, ತುಂಡು ಭೂಮಿಯನ್ನು ತಾನೇ ಉತ್ತು ಬೆಳೆ ತೆಗೆಯಬೇಕು. ಎತ್ತುಗಳಿವೆ, ಹೊಲ ಇಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಕೊಂಚ ಕರಗಿದರೂ ಮನೆಯ ಹಿರಿಯಳು ಬೇಡವೆನ್ನುತ್ತಾಳೆ. ಕಾಫಿ ತೋಟದ ಸಾಲ ಬೆನ್ನು ಬಿಡುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಹೋಗುತ್ತಾರೆ. ಒಬ್ಬ ಹುಡುಗ ಹೊಳೆಯಲ್ಲಿ ಮುಳುಗುವಾಗ ದಂಡೆಯ ಮೇಲೆ ಜನ ಇದ್ದೂ ಜಾತಿಯ ಮೈಲಿಗೆಗೆ ಅಂಜಿ ಯಾರೂ ಮುಟ್ಟುವುದಿಲ್ಲ. ಮಗಳು ಬೆಳ್ಳಿಯ ಮೇಲೆ ತೋಟದವರ ಕಣ್ಣು ಬೀಳುತ್ತದೆ. ಕೊನೆಗೆ ಚೋಮ ನೇಗಿಲನ್ನು ಮುರಿದು ಸುಟ್ಟು, ಎತ್ತುಗಳನ್ನು ಬಿಟ್ಟು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ.

ಗಿರಣಿಯ ತರುಣ ಗೆಳೆಯರು ಇವತ್ತು ಎದ್ದು ಹೇಳಿದ್ದೇನು? “ಇವಾ ಎಂಥಾ ನಾಯಕರೀ? ಒಂದ ದಿನಾನೂ ಎದುರು ನಿಲ್ಲಲಿಲ್ಲ. ಬಾಗ್ಲಾ ಹಾಕ್ಕೊಂಡು ಸಾಯೂದನ್ನ ಓದಿ ನಾವು ಕಲೀಬೇಕಾದ್ದು ಏನೈತಿ?” ನಿಜ ಹೇಳಬೇಕೆಂದರೆ, ಈ ಮಾತು ಅವರ ಬಾಯಿಂದ ಬಂದರೂ ಅದನ್ನು ಬಿತ್ತಿದವರು ನಾವೇ. ಪುಸ್ತಕ ಕೈಗೆ ಕೊಡುವಾಗಲೇ ನಾವು, “ಇದು ಒಳ್ಳೆಯ ಪುಸ್ತಕ, ಆದರೆ ಕೊನೆ ದುರ್ಬಲ” ಎಂದು ಹೇಳಿ ಕೊಟ್ಟಿದ್ದೆವು. ಸಂಘಟನೆಯ ಕೆಲಸಕ್ಕೆ ಇಳಿದವರಿಗೆ ಇದೊಂದು ರೋಗ. ಎಲ್ಲ ಕಥೆಯೂ ಮೆರವಣಿಗೆಯಲ್ಲಿ ಮುಗಿಯಬೇಕು ಎಂದು ನಮಗೆ ಅನಿಸುತ್ತದೆ.

ಆಗ ಎದ್ದವರು ಕೇರಿಯ ಹಿರಿಯರು. ಅರಳೆ ಗಿರಣಿಯಲ್ಲಿ ಬಹಳ ವರ್ಷ ದುಡಿದವರು. ಅವರ ಮಾತನ್ನು ಇದ್ದಂತೆಯೇ ಹೇಳುತ್ತೇವೆ: “ನೀವು ಕಡೀ ಹಾಳಿ ಓದಿ ಬೈತೀರಿ. ನಾನು ಮೊದಲನೇ ಹಾಳಿಯಿಂದ ಓದೀನಿ. ಆ ಕಾಲದಾಗ ನಮ್ಮಂಥಾವ ಒಡೇರ ಅಂಗಳದಾಗ ನಿಂತು ‘ನನಗ ಹೊಲಾ ಕೊಡ್ರಿ’ ಅನ್ನೂದಂದ್ರ ಸಣ್ಣ ಮಾತೇನ್ರೀ? ಅದ ಅವನ ಬಂಡಾಯ. ನಿಮಗ ಕಾಣಲಿಲ್ಲ, ಯಾಕಂದ್ರ ಅವನ ಕೈಯಾಗ ಝೇಂಡಾ ಇರಲಿಲ್ಲ.”

ಬಂಧುಗಳೇ, ಸಭೆ ಸ್ತಬ್ಧವಾಯಿತು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ನಮ್ಮ ಕಡೆ ತಿರುಗಿ, “ಮಾಸ್ತರ್ರ, ನೀವು ಅವತ್ತ ನನ್ನ ಮಾತೂ ಪೂರ್ತಿ ಕೇಳಲಿಲ್ಲ, ಚೋಮನ ಮಾತೂ ಪೂರ್ತಿ ಕೇಳಲಿಲ್ಲ” ಎಂದರು.

ಆ ‘ಅವತ್ತು’ ಯಾವುದು ಎಂಬುದು ಇಲ್ಲಿ ಕೆಲವರಿಗೆ ಗೊತ್ತು, ಎಲ್ಲರಿಗೂ ಗೊತ್ತಾಗಲಿ. ಒಂದು ಗಿರಣಿಯಲ್ಲಿ ಕೂಲಿ ಹೆಚ್ಚಳಕ್ಕಾಗಿ ಕೆಲಸ ನಿಲ್ಲಿಸಬೇಕೆಂದು ನಾವು ಸಭೆ ಕರೆದಿದ್ದೆವು. ಈ ಹಿರಿಯರು ಎದ್ದು, ಹಂಗಾಮು ಮುಗಿಯುತ್ತ ಬಂದಿದೆ, ಅರಳೆ ಬರುವುದು ನಿಂತಿದೆ, ಈಗ ನಾವು ಹೊರಗೆ ಕುಳಿತರೆ ಮಾಲಕರಿಗೆ ಲಾಭವೇ ಹೊರತು ನಷ್ಟವಿಲ್ಲ, ಹೊಸ ಅರಳೆ ಬರುವ ತನಕ ತಡೆಯಿರಿ ಎಂದು ಹೇಳತೊಡಗಿದರು. ನಾವು ಅರ್ಧಕ್ಕೇ ತಡೆದು, “ಹೆದರಿದವರು ಕೂಡ್ರಲಿ” ಎಂದೆವು. ಚಪ್ಪಾಳೆ ಬಿದ್ದವು. ಅವರು ಕುಳಿತರು. ಎಂಟು ದಿನ ಕೆಲಸ ನಿಂತಿತು. ಎಂಟು ದಿನದ ಕೂಲಿ ಹೋಯಿತು, ಒಂದು ಪೈಸೆ ಹೆಚ್ಚಾಗಲಿಲ್ಲ. ಅವರೂ ನಮ್ಮ ಜೊತೆಯೇ ಹೊರಗೆ ಕುಳಿತಿದ್ದರು, ಒಂದು ದಿನವೂ ಒಳಗೆ ಹೋಗಲಿಲ್ಲ ಎಂಬುದನ್ನು ಮರೆಯಬಾರದು. ಅಂಜಿದವರಾಗಿದ್ದರೆ ಹೋಗುತ್ತಿದ್ದರು. ಆ ಸಭೆಯಲ್ಲಿ ಅವರ ಕ್ಷಮೆ ಕೇಳಲಿಲ್ಲ. ಈ ಸಭೆಯಲ್ಲಿ ಕೇಳುತ್ತೇವೆ.

ಕಾದಂಬರಿಯ ಮೇಲಿನ ಮಾತಿಗೂ ಕೂಲಿಯ ಮೇಲಿನ ಮಾತಿಗೂ ಸಂಬಂಧವೇನು ಎಂದು ಇನ್ನು ಯಾರೂ ಕೇಳಬೇಡಿ. ಒಬ್ಬ ಮನುಷ್ಯನ ಮಾತನ್ನು ಕೊನೆಯ ತನಕ ಕೇಳುವ ರೂಢಿ ನಮಗೆ ಎಲ್ಲಿಯೂ ಇಲ್ಲದಿದ್ದರೆ, ಸಂಘದ ಸಭೆಯಲ್ಲಿ ಅದು ಒಮ್ಮೆಲೆ ಎಲ್ಲಿಂದ ಬಂದೀತು?

ಚೋಮನ ವಿಷಯದಲ್ಲಿ ಇನ್ನೊಂದು ಮಾತು ಅರಳೆ ಆರಿಸುವ ಅಕ್ಕನವರಿಂದ ಬಂದಿತು. ಗಂಡಸರೆಲ್ಲ ಚೋಮನೇ ಚೋಮ ಎಂದು ಹೊಡೆದಾಡುತ್ತಿರುವಾಗ ಅವರು, “ಸಾಲ ಮುಟ್ಟಿದ್ದು ಯಾರಿಂದ? ಬೆಳ್ಳಿಯಿಂದ. ಬೆಲೆ ತೆತ್ತಾಕಿ ಆಕಿ, ಬೈಸಿಕೊಂಡಾಕಿನೂ ಆಕಿ. ಪುಸ್ತಕದ ಹೆಸರಿನಾಗ ಆಕಿ ಇಲ್ಲ, ನಿಮ್ಮ ಮಾತಿನಾಗೂ ಇಲ್ಲ” ಎಂದರು. ಮನೆಯ ಸಾಲ ಹೆಣ್ಣುಮಗಳ ಮೈಯ ಮೇಲೆ ತೀರಿತು ಎಂಬುದನ್ನು ನಾವು ಎರಡು ಸಲ ಓದಿಯೂ ದಾಟಿಸಿಬಿಟ್ಟಿದ್ದೆವು. ಗಿರಣಿಯಲ್ಲಿ ಮುಕಾದಮನ ಕಣ್ಣಿಗೆ ಹೆದರಿ ತಲೆ ತಗ್ಗಿಸಿ ಕೆಲಸ ಮಾಡುವವರಿಗೆ ಅದು ಮೊದಲ ಓದಿಗೇ ಕಂಡಿತು. ಒಂದೇ ಪುಸ್ತಕದಲ್ಲಿ ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಹಾಳೆ ಮುಖ್ಯವಾಗುವುದು ಹೀಗೆ. ಇದು ಓದುಗರ ದೋಷವಲ್ಲ. ಎಲ್ಲರೂ ತಂದದ್ದನ್ನು ಕೂಡಿಸಿದಾಗಲೇ ಪುಸ್ತಕ ಪೂರ್ತಿಯಾಗುತ್ತದೆ.

ಭೂಮಿಯ ಪ್ರಶ್ನೆಯನ್ನೂ ಇಲ್ಲಿಯೇ ಮುಗಿಸೋಣ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವ ಗೇಣಿದಾರನಿಗೆ ಹಕ್ಕು ಕೇಳುವ ದಾರಿ ತೆರೆಯಿತು. “ಹಾಗಾದರೆ ಚೋಮನ ಕಥೆ ಮುಗಿದ ಕಥೆ” ಎಂದು ಒಬ್ಬ ತರುಣರು ವಾದಿಸಿದರು. ಸ್ವಲ್ಪ ಯೋಚಿಸಿರಿ. ಕಾಯ್ದೆ ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಚೋಮನಿಗೆ ಯಾರೂ ಗೇಣಿಗೂ ಭೂಮಿ ಕೊಡಲಿಲ್ಲವಲ್ಲ! ಆತ ಕೂಲಿಯಾಗಿಯೇ ಉಳಿದವನು. 1974ರಲ್ಲಿ ಆತ ಬದುಕಿದ್ದರೂ ಅರ್ಜಿಯಲ್ಲಿ ಬರೆಯಲು ಅವನ ಬಳಿ ಸರ್ವೆ ನಂಬರೇ ಇರುತ್ತಿರಲಿಲ್ಲ. ಕಾಯ್ದೆಯ ಪುಸ್ತಕ ಕಾಣಿಸದ ಮನುಷ್ಯನನ್ನು 1933ರ ಕಾದಂಬರಿ ಕಾಣಿಸಿತ್ತು. ಆದುದರಿಂದ ಆ ಕಥೆ ಮುಗಿದಿಲ್ಲ.

ಎರಡನೆಯದು ‘ಚಿರಸ್ಮರಣೆ’. ಇದನ್ನು ನಾವು ಬೇಕೆಂದೇ ಚೋಮನ ಜೊತೆಗೆ ಕೊಟ್ಟೆವು. ಕಾಸರಗೋಡು ಸೀಮೆಯ ಕಯ್ಯೂರಿನ ರೈತರ ಹೋರಾಟದ ಕಾದಂಬರಿ ಇದು. 1941ರ ಮಾರ್ಚ್ ತಿಂಗಳಲ್ಲಿ ಅಲ್ಲಿ ನಡೆದ ರೈತರ ಮೆರವಣಿಗೆಯಲ್ಲಿ ಒಬ್ಬ ಪೋಲೀಸನು ಹೊಳೆಗೆ ಹಾರಿ ಸತ್ತನು. ಆ ಮೊಕದ್ದಮೆಯಲ್ಲಿ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹುಡುಗನಾಗಿದ್ದಾಗ ಅದೇ ಭಾಗದ ನೀಲೇಶ್ವರದಲ್ಲಿ ಓದಿದ ನಿರಂಜನರು 1955ರಲ್ಲಿ ಈ ಕಾದಂಬರಿ ಬರೆದರು. ಮುಂದೆ ಇದು ಮಲಯಾಳಕ್ಕೆ ಹೋಗಿ ಅಲ್ಲಿಯ ಜನರ ಪುಸ್ತಕವೂ ಆಯಿತು.

ಗಿರಣಿಯವರಲ್ಲಿ ಬಹಳ ಜನ ಇದನ್ನು ಮೆಚ್ಚಿದ್ದಾರೆ. ಒಬ್ಬರು ರಾತ್ರಿ ಪಾಳಿಯಿಂದ ಬಂದು ಮಲಗದೆ ಮುಗಿಸಿದ್ದಾರೆ. ಆದರೆ ಬಟ್ಟೆ ಅಂಗಡಿಯ ಬಂಧುಗಳು ಒಂದು ಆಕ್ಷೇಪಣೆ ಎತ್ತಿದರು. “ಇದರಾಗ ಒಳ್ಳೇವ್ರು ಭಾಳ ಒಳ್ಳೇವ್ರು, ಕೆಟ್ಟವ್ರು ಭಾಳ ಕೆಟ್ಟವ್ರು. ನಮ್ಮ ಸಂತ್ಯಾಗ ಅಂಥವ್ರು ಯಾರೂ ಸಿಗೂದಿಲ್ಲ. ಮುಂಜಾನೆ ತೂಕದಾಗ ಮೋಸ ಮಾಡಿದಾವನ ಸಂಜೀಕ ಸಾಲಾ ಬಿಟ್ಟುಕೊಡ್ತಾನ” ಎಂದರು. ಗಿರಣಿಯ ಗೆಳೆಯರು ಸಿಟ್ಟಾಗಿ, “ಅಂಗಡಿಯವ್ರಿಗೆ ಹಂಗ ಕಾಣ್ತೈತಿ” ಎಂದು ಕೂಗಿದರು.

ಕೂಗಬೇಡಿರಿ. ಅಂಗಡಿಯವರ ಮಾತಿನಲ್ಲಿ ತಿರುಳಿದೆ. ದಿನವೂ ನೂರು ಜನರ ಜೊತೆ ವ್ಯವಹಾರ ಮಾಡುವವರು ಮನುಷ್ಯನ ಎರಡೂ ಮಗ್ಗುಲನ್ನು ನೋಡಿರುತ್ತಾರೆ. ಕಾದಂಬರಿ ತಮ್ಮ ಕಣ್ಣಿಗಿಂತ ಕಡಿಮೆ ನೋಡಬಾರದು ಎಂದು ಕೇಳುವ ಅಧಿಕಾರ ಅವರಿಗೆ ಇದೆ. ಅದಕ್ಕೆ ನಮ್ಮದೊಂದು ಉತ್ತರವೂ ಇದೆ, ಸರಿಯೋ ತಪ್ಪೋ ನೀವು ತೂಗಿರಿ. ಗಲ್ಲಿಗೆ ಹೋದವರನ್ನು ಕೊಲೆಗಡುಕರೆಂದು ಸರಕಾರ ಕರೆದಿತ್ತು. ಆ ಹಣೆಪಟ್ಟಿಯನ್ನು ಕಿತ್ತುಹಾಕಲು ಹೊರಟ ಲೇಖಕ ಅವರ ಗುಣದ ಮಗ್ಗುಲನ್ನೇ ಹೆಚ್ಚು ಬೆಳಕಿಗೆ ಹಿಡಿದರೆ ಅದಕ್ಕೆ ಕಾರಣವುಂಟು. ಮೇಲಾಗಿ ಆ ಕಾದಂಬರಿಯಲ್ಲಿ ರೈತರ ಮಕ್ಕಳಿಗೆ ಅಕ್ಷರದ ಜೊತೆ ಲೋಕವನ್ನೂ ತೋರಿಸುವ ಒಬ್ಬ ಮಾಸ್ತರರು ಬರುತ್ತಾರೆ. ಅವರನ್ನು ಕಂಡಾಗ ನಮ್ಮ ಮನಸ್ಸು ಮೆತ್ತಗಾಗಿ ನ್ಯಾಯ ನೋಡುವುದನ್ನೇ ಬಿಟ್ಟಿತು ಎಂಬುದನ್ನು ಮುಚ್ಚಿಡುವುದಿಲ್ಲ. ಪ್ರತಿಯೊಬ್ಬ ಓದುಗನಿಗೂ ಇಂಥ ಒಂದು ಮೆತ್ತಗಿನ ಜಾಗ ಇರುತ್ತದೆ. ಅದು ಇದೆಯೆಂದು ಗೊತ್ತಿದ್ದರೆ ಸಾಕು.

ಇನ್ನೊಂದನ್ನು ಗಮನಿಸಿದಿರಾ? ಗೆದ್ದವರ ಕಾದಂಬರಿ ಬೇಕು, ಸೋತವರದು ಬೇಡ ಎಂದು ವಾದ ನಡೆಯಿತು. ಆದರೆ ಎರಡು ಪುಸ್ತಕವೂ ಸಾವಿನಲ್ಲೇ ಮುಗಿಯುತ್ತವೆ. ಚೋಮ ಒಬ್ಬನೇ ಸತ್ತ. ಕಯ್ಯೂರಿನವರ ಹಿಂದೆ ಒಂದು ಊರೇ ನಿಂತಿತ್ತು. ಇದರಿಂದ ಕಾರಂತರಿಗೆ ಧೈರ್ಯ ಕಡಿಮೆ, ನಿರಂಜನರಿಗೆ ಹೆಚ್ಚು ಎಂದು ತೀರ್ಮಾನಿಸಬೇಡಿರಿ. ಒಬ್ಬರು ಸಂಘವಿಲ್ಲದ ಮನುಷ್ಯನನ್ನು ಕಂಡರು, ಇನ್ನೊಬ್ಬರು ಸಂಘ ಕಟ್ಟಿದ ಮನುಷ್ಯರನ್ನು ಕಂಡರು. ಮೊದಲನೆಯದನ್ನು ಓದದವನಿಗೆ ಎರಡನೆಯದು ಏಕೆ ಬೇಕು ಎಂಬುದೇ ತಿಳಿಯಲಾರದು.

ಮೂರನೆಯದು ‘ಸಂಸ್ಕಾರ’, 1965ರದು. ಇದರ ಮೇಲೆ ಜಗಳ ನಾವು ಎಣಿಸಿದ ದಾರಿಯಲ್ಲಿ ಹೋಗಲಿಲ್ಲ. ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪ ಸತ್ತಿದ್ದಾನೆ, ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು, ಶಾಸ್ತ್ರ ಏನು ಹೇಳುತ್ತದೆ ಎಂದು ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ. ಹೆಣ ಅಲ್ಲೇ ಕೊಳೆಯುತ್ತದೆ. ಅಗ್ರಹಾರಕ್ಕೆ ಇಲಿ ಬೀಳುತ್ತವೆ, ಪ್ಲೇಗು ಬರುತ್ತದೆ. ಆಚಾರ್ಯರ ತೊಳಲಾಟವೇ ಪುಸ್ತಕದ ಜೀವ ಎಂದು ದೊಡ್ಡ ವಿಮರ್ಶಕರು ಬರೆದಿದ್ದಾರೆ. ನಮ್ಮ ತರಕಾರಿ ವ್ಯಾಪಾರದ ಸಾಹೇಬರು ಅದನ್ನೆಲ್ಲ ಬದಿಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: “ಹೆಣಾ ಸುಟ್ಟವ್ರು ಯಾರು?”

ಯಾರಿಗೂ ತಟ್ಟನೆ ಹೊಳೆಯಲಿಲ್ಲ. ಸುಟ್ಟವನು ಮೀನು ಮಾರುವ ಅಹಮದ್ ಬ್ಯಾರಿ. ಚಂದ್ರಿ ದಿಕ್ಕುಗೆಟ್ಟು ಹೋಗಿ ಕೇಳಿದಾಗ ಆತ ರಾತ್ರೋರಾತ್ರಿ ಗಾಡಿ ತಂದು, ಹೆಣ ಹೊತ್ತು, ಸುಟ್ಟು ಬಂದ. ಹಿಂದೆ ಕಷ್ಟಕಾಲದಲ್ಲಿ ನಾರಣಪ್ಪ ಮಾಡಿದ ಉಪಕಾರದ ಋಣ ಅವನಿಗೆ ನೆನಪಿತ್ತು. ಅಗ್ರಹಾರದ ಪಂಡಿತರೆಲ್ಲ ಬಿಡಿಸಲಾಗದ ಗಂಟನ್ನು ಒಬ್ಬ ಸಣ್ಣ ವ್ಯಾಪಾರಿ ಒಂದು ರಾತ್ರಿಯಲ್ಲಿ ಬಿಡಿಸಿದ. ಪುಸ್ತಕದಲ್ಲಿ ಅದು ಕೆಲವೇ ಸಾಲು. “ಈ ಸಾಲು ಯಾರೂ ಹೇಳೂದಿಲ್ಲ, ಅದಕ ಕೇಳಿದೆ” ಎಂದು ಹೇಳಿ ಅವರು ಕುಳಿತರು. ಇಷ್ಟು ದಿನ ಈ ಕಾದಂಬರಿಯ ಮೇಲೆ ನಾವು ಓದಿದ ಲೇಖನಗಳಿಗಿಂತ ಆ ಒಂದು ಪ್ರಶ್ನೆ ನಮಗೆ ಹೆಚ್ಚು ಕಲಿಸಿತು.

ಕೊನೆಯ ವಿಷಯದಲ್ಲಿ ಮತ್ತೆ ಎರಡು ಪಕ್ಷವಾಯಿತು. ಆಚಾರ್ಯರು ಊರಿಗೆ ಹಿಂದಿರುಗುವ ದಾರಿಯಲ್ಲಿ ಇರುವಾಗಲೇ ಕಥೆ ನಿಲ್ಲುತ್ತದೆ. ಊರಿಗೆ ಹೋಗಿ ನಿಜ ಹೇಳಿದರೋ ಇಲ್ಲವೋ ತಿಳಿಯುವುದಿಲ್ಲ. “ಲೇಖಕ ಹಣ ತೊಗೊಂಡು ಅರ್ಧ ಮಾಲು ಕೊಟ್ಟಂಗಾತು” ಎಂದು ಒಬ್ಬರು. “ಹೇಳೂದು ಬಿಡೂದು ಅವರಿಗೆ ಬಿಟ್ಟಿದ್ದಲ್ಲ, ನಮಗ ಬಿಟ್ಟಿದ್ದು” ಎಂದು ಇನ್ನೊಬ್ಬರು. ಇಬ್ಬರೂ ಪುಸ್ತಕವನ್ನು ಪೂರ್ತಿ ಓದಿದ್ದಾರೆ. ಇಬ್ಬರ ಮಾತೂ ನಿಲ್ಲಲಿ.

ಆದರೆ ಮೂರನೆಯ ಒಂದು ಮಾತು ಬಂದಿತು. ಇದರಲ್ಲಿ ಒಂದು ಜಾತಿಯ ನಿಂದೆ ಇದೆ, ಇದನ್ನು ಗ್ರಂಥಾಲಯದಿಂದಲೇ ತೆಗೆಸಬೇಕು ಎಂದು. ಓದಿದಿರಾ ಎಂದು ಕೇಳಿದರೆ, ಓದಿಲ್ಲ, ಕೇಳಿದ್ದೇನೆ ಎಂದರು. ಇಲ್ಲಿ ಮಾತ್ರ ನಾವು ಗಟ್ಟಿಯಾಗಿ ಹೇಳಬೇಕಾಗಿದೆ. ಓದಿದವನ ಸಿಟ್ಟಿಗೆ ಮರ್ಯಾದೆ ಉಂಟು. ಓದದವನ ಸಿಟ್ಟು ಇನ್ನೊಬ್ಬನಿಂದ ಕಡ ತಂದದ್ದು, ಬಡ್ಡಿ ಯಾರಿಗೆ ಹೋಗುತ್ತದೆಂದು ತಂದವನಿಗೂ ಗೊತ್ತಿರುವುದಿಲ್ಲ. ಇದೇ ‘ಸಂಸ್ಕಾರ’ 1970ರಲ್ಲಿ ಚಲನಚಿತ್ರವಾದಾಗ ಮೊದಲು ಸೆನ್ಸಾರಿನವರು ತಡೆದರು. ಬಳಿಕ ಬಿಡುಗಡೆಯಾಗಿ ಅದಕ್ಕೇ ರಾಷ್ಟ್ರದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂದಿತು. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರು ಲೋಹಿಯಾ ಅವರ ದಾರಿಯಲ್ಲಿ ನಡೆದ ಸಮಾಜವಾದಿ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಕಾಯಿಲೆಯಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇನ್ನೊಂದು ಕಾದಂಬರಿಯ ಸಂಗತಿ ಕೇಳಿರಿ. ಬಸವಣ್ಣನವರ ಕಾಲದ ಕಥೆ ಹೇಳುವ ಪಿ. ವಿ. ನಾರಾಯಣರ ‘ಧರ್ಮಕಾರಣ’ 1995ರಲ್ಲಿ ಬಂದಿತು. ಸರಕಾರ ಅದನ್ನು ಮುಟ್ಟುಗೋಲು ಹಾಕಿತು. ತಂಟೆ ಸುಪ್ರೀಂ ಕೋರ್ಟಿನ ತನಕ ಹೋಗಿ, 2007ರಲ್ಲಿ ಆ ಮುಟ್ಟುಗೋಲನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ಆ ತೀರ್ಪಿನ ಮೇಲೆ ನಿಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು, ಇರಲಿ. ಆದರೆ ಒಂದು ಮಾತು ಉಳಿಯುತ್ತದೆ. ಆ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ಇಂದು ನಮ್ಮಂತೆ ಕುಳಿತು ಜಗಳಾಡುವ ಅವಕಾಶವೇ ಓದುಗರಿಗೆ ಉಳಿಯಲಿಲ್ಲ. ಪುಸ್ತಕದ ನ್ಯಾಯ ಓದುಗರ ಕಟ್ಟೆಯಲ್ಲಿ ತೀರಬೇಕು. ಠಾಣೆಗೆ ಹೋದ ಮೇಲೆ ಅಲ್ಲಿ ಓದುಗನಿಗೆ ಕೆಲಸವಿಲ್ಲ.

ನಾಲ್ಕನೆಯದು ‘ಗ್ರಾಮಾಯಣ’, 1957ರದು. ಇದರಲ್ಲಿ ನಾಯಕ ಯಾರು ಎಂದು ಹುಡುಕಿ ಕೆಲವರು ಬೇಸತ್ತಿದ್ದಾರೆ. ಊರೇ ನಾಯಕ. ಆ ಊರು ತನ್ನ ಒಳಜಗಳ, ಸೇಡು, ಸ್ವಾರ್ಥಗಳಿಂದ ಹೇಗೆ ಹಾಳಾಗುತ್ತದೆ ಎಂಬುದು ಕಥೆ. ನಮ್ಮ ಭಾಗದ ಮಾತಿನಲ್ಲೇ ಬರೆದದ್ದರಿಂದ ಇದನ್ನು ನಮ್ಮ ತಾಯಂದಿರು ಗಟ್ಟಿಯಾಗಿ ಓದಿಸಿಕೊಂಡು ಕೇಳಿದ್ದಾರೆ. ಅವರಿಗೆ ಎಲ್ಲಿಯೂ ತಡೆ ಆಗಲಿಲ್ಲ. ಆದರೆ ಹೋದ ವರ್ಷ ದೇವನೂರ ಮಹಾದೇವರ ‘ಕುಸುಮಬಾಲೆ’ ಕೊಟ್ಟಾಗ ಹತ್ತು ಹಾಳೆ ದಾಟದೆ ಹಿಂದಿರುಗಿಸಿದವರು ಬಹಳ. ಆ ಪುಸ್ತಕ ನಂಜನಗೂಡು ಸೀಮೆಯ ಮಾತಿನಲ್ಲಿದೆ. “ಇದು ಕನ್ನಡನ ಅಲ್ಲ” ಎಂದು ಒಬ್ಬರು ಅಂದಿದ್ದರು. ಈಗ ಅವರಿಗೆ ಒಂದು ಪ್ರಶ್ನೆ: ನಮ್ಮ ‘ಗ್ರಾಮಾಯಣ’ವನ್ನು ನಂಜನಗೂಡಿನ ಕೂಲಿಕಾರ ಓದಿದರೆ ಆತನೂ ಹಾಗೆಯೇ ಅನ್ನಬಹುದಲ್ಲವೆ? ನಮಗೆ ತಿಳಿಯದ್ದು ಎಂದರೆ ಕೆಟ್ಟದ್ದು ಎಂದಲ್ಲ. ನಾವು ಇನ್ನೂ ಆ ಊರಿನ ದಾರಿ ನಡೆದಿಲ್ಲ ಎಂದಷ್ಟೇ ಅದರ ಅರ್ಥ. ಆ ಪುಸ್ತಕವನ್ನು ಒಬ್ಬರೇ ಮನಸ್ಸಿನಲ್ಲಿ ಓದಬೇಡಿರಿ, ನಾಲ್ಕು ಜನ ಕುಳಿತು ಬಾಯಿಬಿಟ್ಟು ಓದಿರಿ. ಕಣ್ಣಿಗೆ ತೊಡಕಾದದ್ದು ಕಿವಿಗೆ ಸಲೀಸಾಗುತ್ತದೆ.

ಬಂಧುಗಳೇ, ಈಗ ಮೊದಲಿನ ಪ್ರಶ್ನೆಗೆ ಬರೋಣ. ಯಾರದು ಖರೆ? ಸಂಘದಲ್ಲಿ ನಾವು ಚರ್ಚೆ ಮಾಡುತ್ತೇವೆ, ಆಮೇಲೆ ಕೈ ಎತ್ತಿಸಿ ಎಣಿಸುತ್ತೇವೆ, ಎಣಿಸಿದ ಮೇಲೆ ಎಲ್ಲರೂ ಒಂದಾಗಿ ನಡೆಯುತ್ತೇವೆ. ನಡೆಯದಿದ್ದರೆ ಮಾಲಕರು ನಮ್ಮನ್ನು ಒಬ್ಬೊಬ್ಬರನ್ನಾಗಿ ಮುರಿಯುತ್ತಾರೆ. ಆ ರೀತಿಯನ್ನು ಕಾದಂಬರಿಗೆ ತರುವುದು ಸರ್ವಥಾ ಸಲ್ಲದು. ಚೋಮ ಹೇಡಿಯೋ ಧೀರನೋ ಎಂದು ಕೈ ಎತ್ತಿಸಿ ತೀರ್ಮಾನಿಸಿದ ದಿನ, ಆ ಹಿರಿಯರ ಒಂಟಿ ಮಾತು ಸೋತುಹೋಗುತ್ತಿತ್ತು. ನಾವೆಲ್ಲರೂ ಗೆದ್ದು ಮೂರ್ಖರಾಗಿ ಮನೆಗೆ ಹೋಗುತ್ತಿದ್ದೆವು. ಮತ ಎಣಿಸುವ ಮೊದಲು ಒಂಟಿ ಮಾತನ್ನು ಪೂರ್ತಿ ಕೇಳುವ ಗುಣ ಸಂಘಕ್ಕೂ ಬೇಕು. ಅದನ್ನು ಕಲಿಯುವ ಸೋವಿಯ ಜಾಗ ಈ ಕೂಟ. ಇಲ್ಲಿ ತಪ್ಪು ಮಾಡಿದರೆ ಯಾರ ಕೂಲಿಯೂ ಹೋಗುವುದಿಲ್ಲ.

ಆದುದರಿಂದ ಮುಂದಿನ ಕೂಟಗಳಿಗೆ ನಮ್ಮ ಸೂಚನೆ ಇಷ್ಟು. ಪುಸ್ತಕವನ್ನು ಕೊನೆಯ ತನಕ ಓದಿದವರು, ಇಲ್ಲವೆ ಓದಿಸಿ ಕೇಳಿದವರು ಮಾತ್ರ ಅದರ ಮೇಲೆ ಮಾತಾಡಬೇಕು. ಮಾತಾಡುವವರನ್ನು ನಡುವೆ ತಡೆಯಬಾರದು, ಅದರಲ್ಲಿಯೂ ನಾವು ತಡೆಯಬಾರದು. ಹೆಣ್ಣುಮಕ್ಕಳು ಮೊದಲು ಮಾತಾಡಲಿ, ಕೊನೆಗೆ ಉಳಿಸಿದರೆ ಅಡಿಗೆಯ ಹೊತ್ತಾಯಿತೆಂದು ಅವರು ಎದ್ದು ಹೋಗುತ್ತಾರೆ. ಪುಸ್ತಕ ಕೊಡುವಾಗ ನಾವು ನಮ್ಮ ಅಭಿಪ್ರಾಯ ಸೇರಿಸಿ ಕೊಡುವುದಿಲ್ಲ, ಬರೀ ಪುಸ್ತಕ ಕೊಡುತ್ತೇವೆ.

ಪುಸ್ತಕಕ್ಕೆ ಹಣ ಎಲ್ಲಿಯದು ಎಂದು ಅಳುಕಬೇಡಿರಿ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದಂದಿನಿಂದ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಜನ ಕೊಡುತ್ತ ಬಂದಿದ್ದಾರೆ. ಮನೆಗೂ ಅಂಗಡಿಗೂ ಕಟ್ಟಿದ ತೆರಿಗೆಯ ರಸೀತಿಯನ್ನು ತೆಗೆದು ನೋಡಿರಿ, ಆ ಕರ ಅದರಲ್ಲಿರುತ್ತದೆ. ಪಂಚಾಯತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಅಲ್ಲಿಗೆ ಹೋಗಿ ಬೇಕಾದ ಪುಸ್ತಕದ ಹೆಸರು ಬರೆದುಕೊಟ್ಟು ತರಿಸಿರೆಂದು ಕೇಳುವುದು ಬೇಡಿಕೆ, ಭಿಕ್ಷೆಯಲ್ಲ. ಪರೀಕ್ಷೆಗೆ ಓದುವ ಮಕ್ಕಳಿಗೆ ಅಲ್ಲಿ ಜಾಗ ಬೇಕು, ನಿಜ. ಪಾಳಿ ಮುಗಿಸಿ ಬಂದವರಿಗೂ ಒಂದು ಮಣೆ ಬೇಕು.

ಇಂದು ಇಲ್ಲಿ ಜಗಳಾಡಿದವರು ನಾಳೆ ಮುಂಜಾನೆ ಒಂದೇ ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಹೋಗುವವರು. ಬಸ್ಸಿನಲ್ಲಿಯೂ ಜಗಳ ಮುಂದುವರಿಯಲಿ. ಆದರೆ ಕೇರಿಯ ಹಿರಿಯರು ಹತ್ತಿದಾಗ ಒಬ್ಬರು ಎದ್ದು ಜಾಗ ಕೊಡಿರಿ, ಅವರ ಮಾತು ಅರ್ಧಕ್ಕೆ ನಿಂತದ್ದು ಇನ್ನೂ ಇದೆ.